ವ್ರತ ಅಲ್ಲ ಅಂತ ಬರೆಸಿದ್ದು

ಆಗ ನನಗೆ ಇಪ್ಪತ್ತಮೂರು ವರ್ಷ. ಅದಾಗಿ ಐವತ್ತು ವರ್ಷ ಕಳೆದು ಮೇಲೆ ಎರಡೋ ಮೂರೋ ಆಗಿರಬೇಕು. ಯುದ್ಧದಿಂದ ಬಂದ ನನ್ನ ಗಂಡನಿಗೆ ಪಿಂಚಣಿ ಇಲ್ಲ ಅಂತ ಸರ್ಕಾರದವರು ಬರೆದರು. ನಾನು ಹೋಗಿ ಇದೆ ಅಂತ ಬರೆಸಿಕೊಂಡು ಬಂದೆ. ಆದರೆ ಮೊದಲ ಸಲ ಇಲ್ಲ ಅನ್ನಿಸಿದ್ದೂ ನನ್ನ ಹೆಬ್ಬೆಟ್ಟೇ. ಅದನ್ನು ಬಿಟ್ಟು ಹೇಳಿದರೆ ಸುಳ್ಳು ಹೇಳಿದ ಹಾಗೆ.

ನಮ್ಮ ಊರು ಅಜ್ಜಂಪುರಕ್ಕೂ ತರೀಕೆರೆಗೂ ನಡುವೆ. ಒಂದಷ್ಟು ಬೆದ್ದಲು, ಒಂದಷ್ಟು ತೆಂಗು. ಮಾವ ತೀರಿಹೋಗಿದ್ದರು. ಮನೆಯಲ್ಲಿ ಅತ್ತೆ, ಮೈದುನ, ಮದುವೆಗೆ ಬಂದ ನಾದಿನಿ. ನನ್ನ ಗಂಡ ಹಿರೀಮಗ. ಅವರಿಗೆ ಚಿಕ್ಕಂದಿನಿಂದ ಪಟೇಲರ ಮನೆ ತಟ್ಟು ಕುದುರೆ ಹತ್ತುವ ಚಟ. ಕಡೂರು ಸಂತೆಯಲ್ಲಿ ಅದನ್ನು ಓಡಿಸಿದ್ದು ನೋಡಿ ಕುದುರೆ ಪಡೆಗೆ ಆಳು ಸೇರಿಸುವವರು ಕೇಳಿದರಂತೆ, ಇವರು ಹೂಂ ಅಂದರಂತೆ. ಮನೆಗೆ ಬಂದು ಹೇಳಿದ್ದು ಮೂರು ದಿನ ಆದ ಮೇಲೆ. ನಮ್ಮ ಮದುವೆಯಾಗಿ ಆಗ ಒಂದು ವರ್ಷ. ಜರ್ಮನಿ ಯುದ್ಧ ಅನ್ನುತ್ತಿದ್ದರು, ಇವರನ್ನು ಹಡಗಿನಲ್ಲಿ ಕರೆದುಕೊಂಡು ಹೋಗಿದ್ದು ಮಾತ್ರ ಬರೀ ಮರಳಿರುವ ಯಾವುದೋ ಸೀಮೆಗೆ. ನಾಲ್ಕು ವರ್ಷ ಕಳೆದು ಬಂದರು.

ಮೈಮೇಲೆ ಒಂದು ಗಾಯ ಇರಲಿಲ್ಲ. ಅತ್ತೆ ಹೊಸ್ತಿಲಲ್ಲೇ ಅಂಗಿ ಬಿಚ್ಚಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಸದ್ಯ, ಹೋದಂಗೇ ಬಂದವ್ನೆ ನನ್ನ ಮಗ" ಅಂದರು. ಹೋದ ಹಾಗೆ ಬಂದಿರಲಿಲ್ಲ. ಬಾಯಲ್ಲಿ ಮಾತಿರಲಿಲ್ಲ. ಹೂಂ ಇಲ್ಲ, ಉಹೂಂ ಇಲ್ಲ. ಮಲಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಿದ್ದರು. ಮಧ್ಯಾಹ್ನ ಆದರೆ ಒಂದು ಹಿಡಿ ಹುಲ್ಲು ತಿರುಚಿಕೊಂಡು ಎತ್ತುಗಳ ಮೈ ತಿಕ್ಕುವುದು. ಎತ್ತು ಹೊಲಕ್ಕೆ ಹೋಗಿದ್ದರೆ ಪಡಸಾಲೆಯ ಕಂಬ ತಿಕ್ಕುವುದು.

ಅದೆಲ್ಲ ಹೇಗೋ ಆಗುತ್ತಿತ್ತು. ಆಗದೇ ಇದ್ದದ್ದು ನೀರು. ಎತ್ತು ಕುಡಿಯುವವರೆಗೂ ಅವರು ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಎತ್ತು ಹೊಲದಲ್ಲಿ, ಇವರು ಮನೆಯಲ್ಲಿ. ಬೇಸಿಗೆಯಲ್ಲಿ ಸಂಜೆ ಹೊತ್ತಿಗೆ ತುಟಿ ಒಡೆದು ರಕ್ತ ಬರುತ್ತಿತ್ತು. ಚೊಂಬು ತಂದು ಬಾಯಿಗೆ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಎತ್ತಿನ ಜೊತೆ ಹೊಲಕ್ಕೆ ಕಳಿಸಿ ನೋಡಿದೆವು, ಉಳುವ ಎತ್ತಿನ ಹಗ್ಗ ಬಿಚ್ಚಿ ಮೈ ತಿಕ್ಕುತ್ತಾ ನಿಂತರು, ಮೈದುನ ವಾಪಸು ಕರೆತಂದ. ಒಂದು ದಿನ ಕಂಬದ ಬುಡದಲ್ಲೇ ಎಚ್ಚರ ತಪ್ಪಿ ಬಿದ್ದರು. ಆಮೇಲೆ ನಾನು ಕಾಲು ಊನವಾದ ಒಂದು ಕರುವನ್ನು ಮನೆ ಹತ್ತಿರವೇ ಕಟ್ಟಿಕೊಂಡೆ. ಹೊತ್ತಿಗೊಂದು ಸಲ ಅದರ ಮುಂದೆ ನೀರಿನ ಬಾನಿ ಇಡುವುದು. ಅದು ಕುಡಿದರೆ ಇವರೂ ಕುಡಿಯುತ್ತಿದ್ದರು. ಅದಕ್ಕೆ ಬಾಯಾರಿಕೆ ಇಲ್ಲದಿದ್ದರೆ ಉಪ್ಪು ನೆಕ್ಕಿಸುತ್ತಿದ್ದೆ.

ಆ ಸೀಮೆಯಲ್ಲಿ ಏನಾಯಿತು ಅಂತ ನನಗೆ ಗೊತ್ತಿಲ್ಲ. ಅವರು ಹೇಳಲಿಲ್ಲ. ಹೇಳುವವರು ಇನ್ಯಾರೂ ನಮ್ಮ ಕಡೆ ಬರಲಿಲ್ಲ.

ಊರಲ್ಲಿ ಹುಚ್ಚು ಅನ್ನುವ ಮಾತು ಎದ್ದಿತು. ನಾದಿನಿಗೆ ಬುಕ್ಕಾಂಬುಧಿ ಕಡೆಯಿಂದ ಗಂಡು ಬಂದಿದ್ದ ಕಾಲ ಅದು. ಅಣ್ಣನಿಗೆ ಹುಚ್ಚು ಅಂದರೆ ತಂಗಿಯನ್ನು ಯಾರೂ ತಗೊಳ್ಳುವುದಿಲ್ಲ. ಅತ್ತೆ ಒಂದು ಬೆಳಿಗ್ಗೆ ಸೇದೋ ಬಾವಿಯ ಹತ್ತಿರ ನಾಲ್ಕು ಜನ ಹೆಂಗಸರು ಇದ್ದಾಗ, ಕೊಡ ಇಳಿಸಿ ಹೇಳಿಬಿಟ್ಟರು.

"ಹುಚ್ಚಲ್ಲ ಕಣ್ರೇ. ಜೀವಂತ ಬಂದ್ರೆ ಅಂತ ಮಠಕ್ಕೆ ಹರಕೆ ಹೊತ್ತಿದ್ದ. ಮೌನ ಹಿಡ್ದವ್ನೆ. ಬಸವಣ್ಣ ಕುಡಿಯೋಗಂಟ ನೀರು ಮುಟ್ಟಲ್ಲ ಅಂತ ವ್ರತ."

ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಎತ್ತನ್ನು ಬಸವಣ್ಣ ಅನ್ನುವ ಜನ ನಾವು. ಎಲ್ಲರೂ ನಂಬಿದರು. ವಾರದೊಳಗೆ ಕಂಬಕ್ಕೆ ಯಾರೋ ವಿಭೂತಿ ಬಳಿದರು. ಇನ್ಯಾರೋ ಅವರು ಕೂರಲಿ ಅಂತ ಹಲಸಿನ ಮಣೆ ತಂದಿಟ್ಟರು. ಬಾಳೆಹಣ್ಣು, ಕಾಯಿ ಬರತೊಡಗಿತು. ಜ್ವರ ಬಂದ ಮಕ್ಕಳನ್ನು ತಂದು ಮುಂದೆ ನಿಲ್ಲಿಸುತ್ತಿದ್ದರು. ಇವರು ಆ ಮಗುವಿನ ಬೆನ್ನನ್ನೂ ಹುಲ್ಲಿನಲ್ಲಿ ತಿಕ್ಕಿ ಕಳಿಸುತ್ತಿದ್ದರು. ಒಂದೆರಡಕ್ಕೆ ಜ್ವರ ಬಿಟ್ಟಿತು ಕೂಡ. ನನಗೂ ಅದು ಹಿತವಾಗಿಯೇ ಇತ್ತು. ಹುಚ್ಚನ ಹೆಂಡತಿ ಅನ್ನಿಸಿಕೊಳ್ಳುವುದಕ್ಕಿಂತ ಇದು ವಾಸಿ. ಬಾವಿಯಲ್ಲಿ ನನಗೆ ಜಾಗ ಬಿಡುತ್ತಿದ್ದರು.

ಪಡೆಯಿಂದ ಬಿಡುವಾಗಲೇ ಯಾರೋ ಪುಣ್ಯಾತ್ಮರು ಇವರ ಹೆಸರಲ್ಲಿ ಪಿಂಚಣಿಗೆ ಅರ್ಜಿ ಬರೆದು ಹಾಕಿದ್ದರಂತೆ. ಅದನ್ನು ವಿಚಾರಿಸಲು ಒಂದು ದಿನ ತರೀಕೆರೆ ಕಂದಾಯ ಕಚೇರಿಯಿಂದ ಶೇಕದಾರರು ಬಂದರು. ಪಟೇಲರು, ಶಾನುಭೋಗರು, ನಾಲ್ಕು ಜನ ಹಿರಿಯರು ಜಗಲಿಯಲ್ಲಿ ಕೂತರು. ಮಹಜರು ಬರೆಯಬೇಕಾಗಿತ್ತು.

"ಇವನಿಗೆ ಬುದ್ಧಿ ಸರಿಯಿಲ್ಲ ಅಂತ ಅರ್ಜೀಲಿದೆ. ಏನಮ್ಮಾ, ಹೌದಾ?" ಅಂತ ಶೇಕದಾರರು ಅತ್ತೆಯನ್ನು ಕೇಳಿದರು.

"ನನ್ನ ಮಗನ ಬುದ್ಧಿ ಸರಿಯಾಗೈತೆ ಸ್ವಾಮಿ. ವ್ರತ ಮಾಡ್ತಾವ್ನೆ."

ಪಟೇಲರು, "ಹೌದು ಹೌದು, ಊರಿಗೆಲ್ಲ ಗೊತ್ತು" ಅಂದರು. ಶೇಕದಾರರು ಬಾಗಿಲ ಹಿಂದೆ ನಿಂತಿದ್ದ ನನ್ನನ್ನೂ ಕೇಳಿದರು. ಅತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ನಾದಿನಿಗೆ ಅದೇ ವಾರ ವೀಳ್ಯ ಬದಲಾಯಿಸುವುದಿತ್ತು. ನಾನು ವ್ರತ ಅಂದೆ. ಎಲ್ಲರ ರುಜುವಿನ ಕೆಳಗೆ ನನ್ನ ಹೆಬ್ಬೆಟ್ಟು ಒತ್ತಿಸಿದರು. ಶೇಕದಾರರು ಹೋಗುವಾಗ ಚಪ್ಪಲಿ ಬಿಟ್ಟು ಇವರಿಗೆ ಕೈಮುಗಿದು ಹೋದರು.

ಅರ್ಜಿ ನಾಮಂಜೂರು ಅಂತ ಕಾಗದ ಬಂದಾಗ ಅತ್ತೆ ಅದನ್ನು ಸೂರಿಗೆ ಸಿಕ್ಕಿಸಿದರು. ಅಂದು ಮಧ್ಯಾಹ್ನ ಹುಣಸೆ ಹಣ್ಣು ಕುಟ್ಟುತ್ತಾ ಹೇಳಿದರು.

"ಇವಳ ಮದುವೆ ಒಂದು ಮುಗೀಲಿ. ಆಮೇಲೆ ಅವ್ನನ್ನ ಮಠಕ್ಕೆ ಬಿಟ್ಟುಬಿಡಾನ. ದಾಸೋಹದಾಗೆ ಉಂಡ್ಕಂಡು ಇರ್ತಾನೆ. ಚಿಕ್ಕೋನು ಒಬ್ನೇ ಗೇದು ಇಷ್ಟು ಜನ ಉಣ್ಣಕ್ಕಾಗಲ್ಲ. ನೀನು ಬೇಕಾದ್ರೆ ಇರು, ಬೇಕಾದ್ರೆ ತವರಿಗೆ ಹೋಗು."

ಅತ್ತೆ ಕೆಟ್ಟವರಲ್ಲ. ಅವರಿಗೆ ಮೂರು ಮಕ್ಕಳು, ನನಗೆ ಒಬ್ಬ ಗಂಡ. ಮಠದಲ್ಲಿ ಕರು ಯಾರು ಕಟ್ಟುತ್ತಾರೆ ಅನ್ನುವುದೊಂದೇ ನನ್ನ ತಲೆಗೆ ಬಂದದ್ದು. ಒಂದು ಬೇಸಿಗೆ ದಿನ ಯಾರೂ ಗಮನಿಸದಿದ್ದರೆ ಸಾಕು. ಪಿಂಚಣಿ ಬಂದರೆ ಅವರ ಅನ್ನ ಅವರದೇ, ಮನೆಯಲ್ಲಿ ಇಟ್ಟುಕೊಳ್ಳಬೇಡ ಅಂತ ಯಾರೂ ಅನ್ನುವಂತಿಲ್ಲ.

ಸೂರಿನಿಂದ ಕಾಗದ ಎಳೆದುಕೊಂಡು, ತೆಂಗಿನಕಾಯಿ ತುಂಬಿದ್ದ ಗಾಡಿಯೊಂದರಲ್ಲಿ ಕೂತು ತರೀಕೆರೆಗೆ ಹೋದೆ. ಕಚೇರಿ ಮುಂದೆ ಮರದ ಕೆಳಗೆ ಅರ್ಜಿ ಬರೆಯುವವರೊಬ್ಬರು ಕೂರುತ್ತಿದ್ದರು. ಕಿವಿಗೆ ಲೇಖನಿ ಸಿಕ್ಕಿಸಿಕೊಂಡು ಕಾಗದ ಓದಿದರು.

"ದೇಹದ ಮೇಲೆ ಗಾಯವಿಲ್ಲ. ಧಾರ್ಮಿಕ ವ್ರತದಲ್ಲಿದ್ದಾನೆ. ಬುದ್ಧಿ ಸ್ವಾಧೀನದಲ್ಲಿದೆ ಎಂದು ಮನೆಯವರೇ ಹೇಳಿದ್ದಾರೆ. ಹೀಗಂತ ಬರೆದಿದಾರೆ ತಾಯಿ. ಒಂದು ಬೆರಳಾದ್ರೂ ಹೋಗಿದ್ರೆ ಸಲೀಸಾಗಿ ಆಗ್ತಿತ್ತು."

"ಈಗ ಕತ್ತರಿಸ್ಕಂಡು ಬರ್ಲಾ ಸ್ವಾಮಿ?"

"ಈಗ ಕತ್ತರಿಸಿದ್ರೆ ನಡಿಯಲ್ಲ." ಅವರು ನಗಲಿಲ್ಲ, ನಾನೂ ನಗಲಿಲ್ಲ. "ಯುಗಾದಿಯೊಳಗೆ ಮೇಲರ್ಜಿ ಹಾಕ್ಬೇಕು. ವ್ರತ ಕೊಟ್ಟಿಲ್ಲ ಅಂತ ಮಠದಿಂದ ಒಂದು ಕಾಗದ ಬೇಕು. ಆವಾಗ ಹೇಳಿದ್ದು ಸುಳ್ಳು ಅಂತ ನೀನು ಹೇಳ್ಬೇಕು. ಹೇಳ್ತೀಯಾ?"

"ಹೇಳ್ತೀನಿ."

"ಊರೆಲ್ಲ ಗೊತ್ತಾಗುತ್ತೆ."

"ಗೊತ್ತಾಗ್ಲಿ ಬಿಡಿ."

ಹೇಳುವುದು ಸುಲಭವಾಗಿತ್ತು. ಆಗೆಲ್ಲ ನನಗೆ ಯಾವುದೂ ಮೈಗೆ ತಾಗುತ್ತಿರಲಿಲ್ಲ. ಸುಟ್ಟು ಜಡ್ಡುಗಟ್ಟಿದ ಕೈಯಲ್ಲಿ ಪಾತ್ರೆ ಹಿಡಿದ ಹಾಗೆ, ಬಿಸಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಮಠಕ್ಕೆ ಮಾರನೇ ವಾರ ನಡೆದುಕೊಂಡು ಹೋದೆ. ಮಠದ ಗುರುಗಳಾದ ಅಯ್ಯನವರು ಹಿಂದಿನ ತೋಟದಲ್ಲಿ ಬದನೆ ಸಸಿಗೆ ಪಾತಿ ಮಾಡುತ್ತಿದ್ದರು. ಅಡ್ಡಬಿದ್ದು ವಿಷಯ ಹೇಳಿದೆ.

"ನಾನು ಅಂಥ ವ್ರತ ಕೊಟ್ಟಿಲ್ಲ. ಕುಡಿಯೋ ನೀರಿಗೆ ಯಾರು ವ್ರತ ಕೊಡ್ತಾರೆ" ಅಂದರು.

"ಹಂಗಂತ ಬರ್ಕೊಡಿ ಬುದ್ಧಿ."

ಅವರು ಕೈಯ ಮಣ್ಣು ಒರೆಸಿಕೊಂಡರು. "ಬರ್ಕೊಟ್ರೆ ನಿಮ್ಮತ್ತೆ ಸುಳ್ಳಿ ಆಗ್ತಾಳಲ್ಲ. ಮೊನ್ನೆ ಬಂದಿದ್ಲು. ಮಗನ್ನ ಇಲ್ಲೇ ಇಟ್ಕೊಳ್ಳಿ ಅಂದ್ಲು. ನಾನೂ ಹೂಂ ಅಂದಿದೀನಿ. ಇಲ್ಲಿ ಉಣ್ಣೋಕೆ ತೊಂದ್ರೆ ಇಲ್ಲ."

"ಮಠದಾಗೆ ಎತ್ತು ಎಷ್ಟದಾವೆ ಬುದ್ಧಿ?"

"ಒಂದು ಜೊತೆ."

"ಹಗಲೊತ್ತು ಎಲ್ಲಿರ್ತವೆ?"

"ಹೊಲದಲ್ಲಿ."

ಅಷ್ಟು ಹೇಳಿ ಅವರು ಒಳಗೆ ಹೋಗಿ ಬರೆದುಕೊಂಡು ಬಂದರು. ನಾಲ್ಕು ಸಾಲು, ಕೆಳಗೆ ಮಠದ ಮೊಹರು.

ಮೇಲರ್ಜಿ ಹೋಯಿತು. ಯುಗಾದಿ ಕಳೆದು ಹತ್ತು ಹನ್ನೆರಡು ದಿನಕ್ಕೆ, ಇಂಥ ದಿನ ಕಡೂರಿಗೆ ಕರೆದುಕೊಂಡು ಬರಬೇಕು ಅಂತ ಪಟೇಲರ ಮನೆಗೆ ಕಾಗದ ಬಂತು. ಪಟೇಲರು ಓದಿದ ಮೇಲೆ ಇನ್ನು ಗುಟ್ಟೇನು. ಅತ್ತೆ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ನಾದಿನಿಯ ಮದುವೆ ಇನ್ನೊಂದು ತಿಂಗಳಿತ್ತು. ಹೊರಡುವ ಹಿಂದಿನ ದಿನ ಅವಳು ನಾನು ರಾಗಿ ಬೀಸುತ್ತಿದ್ದ ಕಡೆ ಬಂದು ಬೀಸುವ ಕಲ್ಲಿನ ಗೂಟದ ಇನ್ನೊಂದು ಪಕ್ಕ ಹಿಡಿದಳು. ಇಬ್ಬರೂ ಸ್ವಲ್ಪ ಹೊತ್ತು ಬೀಸಿದೆವು.

"ಅತ್ತಿಗೆ, ಒಂದು ತಿಂಗಳು ತಡೀಬಾರ್ದಾ?"

"ತಡೆದ್ರೆ ಅವ್ರು ಕರೆದ ದಿನ ಹೋಯ್ತದೆ. ಮತ್ತೆ ಕರಿಯಲ್ಲ."

"ಹೋದ್ರೆ ನನ್ನ ಮದುವೆ ಹೋಯ್ತದೆ."

"ಹೂಂ" ಅಂದೆ.

ಇನ್ನೇನಾದರೂ ಅನ್ನಬಹುದಿತ್ತು. ಈಗಲೂ ಏನು ಅಂತ ಹೊಳೆಯುವುದಿಲ್ಲ. ಅವಳು ಉಳಿದ ರಾಗಿಯನ್ನೂ ಬೀಸಿಕೊಟ್ಟೇ ಎದ್ದು ಹೋದಳು.

ಅಜ್ಜಂಪುರದಲ್ಲಿ ಬೆಳಗಿನ ರೈಲು ಹತ್ತಿದೆವು. ಕರುವನ್ನು ರೈಲಿಗೆ ಹತ್ತಿಸುವ ಹಾಗಿಲ್ಲ. ಹೊರಡುವ ಮುಂಚೆ ಅದಕ್ಕೆ ಕುಡಿಸಿ ಇವರಿಗೂ ಕುಡಿಸಿದ್ದೆ, ಅಷ್ಟೇ. ಇವರು ದಾರಿಯುದ್ದಕ್ಕೂ ಡಬ್ಬಿಯ ಬಾಗಿಲಲ್ಲಿ ನಿಂತೇ ಇದ್ದರು. ಕಡೂರಿನಲ್ಲಿ ಸರ್ಕಾರಿ ಬಂಗಲೆ ಮುಂದೆ ಬಿಸಿಲಲ್ಲಿ ಕೂರಿಸಿದರು. ನಮ್ಮನ್ನು ಕರೆಯುವ ಹೊತ್ತಿಗೆ ನೆರಳು ಕಾಲಡಿಗೆ ಬಂದಿತ್ತು, ಇವರ ತುಟಿ ಒಡೆದಿತ್ತು.

ಒಳಗೆ ಒಬ್ಬ ಬಿಳಿಯ ಡಾಕ್ಟರು, ಪಕ್ಕದಲ್ಲಿ ಪೇಟ ಸುತ್ತಿದ ನಮ್ಮ ಸೀಮೆಯ ಅಧಿಕಾರಿ. ಅಧಿಕಾರಿಗಳು ಕೇಳುವುದು, ನಾನು ಹೇಳಿದ್ದನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳುವುದು. ಮೊದಲು ಮಹಜರು ತೆಗೆದು ತೋರಿಸಿದರು.

"ಇದು ನಿನ್ನ ಹೆಬ್ಬೆಟ್ಟಾ?"

"ಹೌದು ಸ್ವಾಮಿ."

"ಇದರಲ್ಲಿ ವ್ರತ ಅಂತಿದೆ. ಅರ್ಜಿಯಲ್ಲಿ ವ್ರತ ಅಲ್ಲ ಅಂತೀಯ. ಯಾವುದು ಸುಳ್ಳು?"

"ಮೊದಲನೇದು."

"ಸುಳ್ಳಿಗೆ ಯಾಕೆ ಹೆಬ್ಬೆಟ್ಟು ಒತ್ತಿದೆ?"

"ನಾದಿನಿ ಮದುವೆ ಆಗ್ಲಿ ಅಂತ."

"ಆಯ್ತಾ?"

"ಇಲ್ಲ. ಇನ್ನಾಗಲ್ಲ."

ಮಠದ ಕಾಗದ ಕೊಟ್ಟೆ. ನೀರಿನ ವಿಷಯ, ಕರುವಿನ ವಿಷಯ ಹೇಳಿದೆ. ಡಾಕ್ಟರು ಕೇಳಿಸಿಕೊಂಡು ಏನೋ ಅಂದರು. ಅಧಿಕಾರಿಗಳು ಕನ್ನಡದಲ್ಲಿ ಹೇಳಿದರು: "ಕುದುರೆ ಕುಡಿಯೋ ತನಕ ಸವಾರ ಕುಡೀಬಾರ್ದು ಅಂತ ಪಡೇಲಿ ನಿಯಮ ಇದೆಯಂತೆ. ಇದು ವ್ರತ ಅಲ್ಲ, ಒಪ್ಪಿದ್ರು. ಆದ್ರೆ ಕಾಯಿಲೇನೂ ಅಲ್ಲ, ಕಲಿಸಿದ ಶಿಸ್ತು ಅಂತಾರೆ."

"ಶಿಸ್ತು ಅಂದ್ರೆ ಮೇಲಿನೋರು ಹೇಳಿದ್ದು ಕೇಳೋದು ಅಲ್ವಾ ಸ್ವಾಮಿ?"

"ಹೌದು."

"ಹಂಗಾದ್ರೆ ಈ ಡಾಕ್ಟ್ರು ಮೇಲಿನೋರು. ಕುಡಿ ಅಂತ ಹೇಳ್ಲಿ. ಕುಡಿದ್ರೆ ನಾವು ಎದ್ದು ಹೋಯ್ತೀವಿ. ಪಿಂಚಣಿ ಬ್ಯಾಡ."

ಅಧಿಕಾರಿಗಳು ನನ್ನನ್ನು ಒಂದು ಸಲ ನೋಡಿ ಅದನ್ನು ಹೇಳಿದರು. ಡಾಕ್ಟರು ಎದ್ದು ನಿಂತರು. ಮೇಜಿನ ಮೇಲಿದ್ದ ನೀರಿನ ಲೋಟ ಇವರ ಕೈಗೆ ಕೊಟ್ಟು, ಹಿಂದೂಸ್ತಾನಿಯಲ್ಲಿ ಗಟ್ಟಿಯಾಗಿ ಒಂದು ಮಾತು ಕೂಗಿದರು. ನನ್ನ ಗಂಡನ ಎರಡು ಹಿಮ್ಮಡಿಯೂ ಟಕ್ಕಂತ ಕೂಡಿದವು, ಬೆನ್ನು ನೆಟ್ಟಗಾಯಿತು. ಬಂದ ಎರಡು ವರ್ಷದಲ್ಲಿ ಅವರು ಹಾಗೆ ನಿಂತಿದ್ದು ನಾನು ನೋಡಿರಲಿಲ್ಲ. ಲೋಟ ಬಾಯಿಗೆ ಹೋಗಲಿಲ್ಲ. ಡಾಕ್ಟರು ಮತ್ತೊಂದು ಸಲ ಕೂಗಿದರು. ಲೋಟ ಓರೆಯಾಗಿ ನೀರು ಮುಂಗೈ ಮೇಲೆ ಚೆಲ್ಲಿತು. ಒಡೆದ ತುಟಿ ಅಲುಗಿತು, ಹಲ್ಲು ಬಿಡಲಿಲ್ಲ. ಮೂರನೇ ಸಲ ಡಾಕ್ಟರು ಕೂಗಲಿಲ್ಲ. ಲೋಟ ತಗೊಂಡು ಮೇಜಿನ ಮೇಲಿಟ್ಟರು. ಕಿಟಕಿಯಿಂದ ಹೊರಗೆ ನೋಡಿದರು. ಬೇವಿನ ಮರದ ಕೆಳಗೆ ಒಂದು ಜಟಕಾ ನಿಂತಿತ್ತು.

ಎಲ್ಲರೂ ಹೊರಗೆ ಬಂದೆವು. ಜವಾನ ಬಕೆಟ್ಟಿನಲ್ಲಿ ನೀರು ತಂದ. ಜಟಕಾದವನು, "ಈಗ್ತಾನೆ ಕುಡ್ಸಿದೀನಿ ಸ್ವಾಮಿ, ಹೊಟ್ಟೆ ಉಬ್ಬುತ್ತೆ" ಅಂತ ಗೊಣಗಿದ. ಯಾರೂ ಹೇಳದೆ ನನ್ನ ಗಂಡ ಹೋಗಿ ಕುದುರೆಯ ಕಡಿವಾಣ ಸಡಿಲ ಮಾಡಿದರು. ಬಕೆಟ್ಟನ್ನು ಮಂಡಿ ಮೇಲೆ ಇಟ್ಟು ಹಿಡಿದರು. ಸಣ್ಣಗೆ ಸಿಳ್ಳೆ ಹಾಕಿದರು. ಯುದ್ಧದಿಂದ ಬಂದ ಮೇಲೆ ಅವರ ಬಾಯಿಂದ ನಾನು ಕೇಳಿದ ಮೊದಲ ಸದ್ದು ಅದು. ಕುದುರೆ ಎರಡು ಗುಟುಕು ಕುಡಿದು ತಲೆ ಎತ್ತಿತು. ಕಾದರು. ಮತ್ತೆ ಬಗ್ಗಿತು, ಮತ್ತೆ ಎತ್ತಿತು. ಆಮೇಲೆ ಅವರು ಅದೇ ಬಕೆಟ್ಟಿಗೆ ಬಾಯಿ ಹಚ್ಚಿ ಕುಡಿದರು. ಅಂಗಿ ಎಲ್ಲ ಒದ್ದೆಯಾಯಿತು.

ಡಾಕ್ಟರು ಒಳಗೆ ಹೋಗಿ ಬರೆದರು. ಅಧಿಕಾರಿಗಳು ಓದಿ ಹೇಳಿದರು.

"ಯುದ್ಧದಿಂದ ಬಂದ ಬುದ್ಧಿಯ ಕಾಯಿಲೆ ಅಂತ ಬರೆದಿದಾರೆ. ಮೇಲರ್ಜಿ ಮಂಜೂರು. ಎರಡು ವರ್ಷಕ್ಕೊಂದು ಸಲ ಕರ್ಕೊಂಡು ಬಂದು ತೋರಿಸ್ಬೇಕು. ವಾಸಿ ಆದ್ರೆ ನಿಲ್ಲಿಸ್ತಾರೆ."

"ಆಗ್ಲಿ ಸ್ವಾಮಿ."

"ಸಂತೋಷ ಆಯ್ತೇನಮ್ಮಾ?"

"ರೈಲಿಗೆ ಹೊತ್ತಾಯ್ತು ಸ್ವಾಮಿ" ಅಂದೆ. ಅವರಿಗೆ ಬೇಜಾರಾಗಿರಬಹುದು. ಸಂತೋಷ ಆಗಿದ್ದರೆ ಆಯಿತು ಅನ್ನುತ್ತಿದ್ದೆ.

ವಾಪಸು ಬರುವಾಗ ಬೀರೂರಿನಲ್ಲಿ ರೈಲು ಬಹಳ ಹೊತ್ತು ನಿಂತಿತು. ಬೆಳಿಗ್ಗೆ ಹಿಂದಿನ ಡಬ್ಬಿಯಲ್ಲಿದ್ದೆವು, ಈ ಸಲ ಮುಂದೆ. ಎಂಜಿನ್ನಿಗೆ ದಪ್ಪ ಕೊಳವೆಯಿಂದ ನೀರು ಬಿಡುತ್ತಿದ್ದರು. ಇವರು ಇಳಿದು ಹೋಗಿ ಅದು ತುಂಬುವವರೆಗೂ ನೋಡಿದರು. ಕೊಳವೆ ಎತ್ತಿದ ಮೇಲೆ ಪ್ಲಾಟ್‌ಫಾರಮ್ಮಿನ ತೊಟ್ಟಿಗೆ ಹೋಗಿ ಬೊಗಸೆಯಲ್ಲಿ ಹೊಟ್ಟೆ ತುಂಬ ಕುಡಿದು ಬಂದರು. ನಾನು ನಕ್ಕೆ. ಎದುರಿಗೆ ಕೂತಿದ್ದ ಹೆಂಗಸು ಏನು ಅಂತ ಕೇಳಿದಳು. ಏನಿಲ್ಲ ಅಂದೆ.

ಮನೆ ಸೇರುವಾಗ ದೀಪ ಹಚ್ಚಿದ್ದರು. ನಾವು ರೈಲು ಹತ್ತಿದ ಸುದ್ದಿ ನಮಗಿಂತ ಮುಂಚೆ ಬುಕ್ಕಾಂಬುಧಿ ಮುಟ್ಟಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಮಧ್ಯಾಹ್ನ ಬಂದು, ಜಗಲಿಯಲ್ಲೇ ಕೂತು, ನಾವು ವೀಳ್ಯದಲ್ಲಿ ಕೊಟ್ಟಿದ್ದ ಪಂಚೆ ಶಲ್ಯ ವಾಪಸು ಇಟ್ಟು, ಮಜ್ಜಿಗೆ ಕೂಡ ಕುಡಿಯದೆ ಹೋಗಿದ್ದರು. ಅದು ಇನ್ನೂ ಜಗಲಿ ಮೇಲೇ ಇತ್ತು. ನಾದಿನಿ ಕೋಣೆಯಿಂದ ಹೊರಗೆ ಬರಲಿಲ್ಲ.

"ಬರೆಸ್ಕಂಡು ಬಂದ್ಯಾ?" ಅಂದರು ಅತ್ತೆ. ಅಷ್ಟು ದಿನದ ಮೇಲೆ ಮೊದಲ ಮಾತು.

"ಹೂಂ."

"ಏನಂತ?"

"ಕಾಯಿಲೆ ಅಂತ."

"ಹುಚ್ಚು ಅನ್ನು. ಅಷ್ಟು ದೂರ ಹೋಗಿ ಬರೆಸ್ಕಂಡು ಬಂದಿದೀಯ, ಬಾಯಿ ಬಿಟ್ಟು ಹೇಳಕ್ಕೇನು."

"ಹುಚ್ಚು ಅಂತ."

"ಮಠಕ್ಕೆ ಕಳಿಸಲ್ಲ."

"ಕಳಿಸಲ್ಲ."

"ಇಟ್ಕೋ" ಅಂದು ಅತ್ತೆ ಎದ್ದು ಹೋಗಿ ಇಬ್ಬರಿಗೂ ಮುದ್ದೆ ಇಕ್ಕಿದರು.

ನನ್ನ ಗಂಡ ಇನ್ನೂ ಹನ್ನೊಂದು ವರ್ಷ ಬದುಕಿದರು, ಆ ಮನೆಯಲ್ಲೇ. ಎರಡೆರಡು ವರ್ಷಕ್ಕೆ ಕರ್ಕೊಂಡು ಹೋಗಿ ತೋರಿಸಿದೆ. ಒಂದು ಸಲವೂ ವಾಸಿ ಅನ್ನಲಿಲ್ಲ. ಆ ಕಾಗದಗಳಿಗೆ ರುಜು ಹಾಕುವ ಸಲುವಾಗಿ ನಾಲ್ಕು ಅಕ್ಷರ ಕಲಿತೆ. ನಾದಿನಿಯನ್ನು ಎರಡು ವರ್ಷ ಬಿಟ್ಟು ಅಮೃತಾಪುರದ ಕಡೆ ಎರಡನೇ ಸಂಬಂಧಕ್ಕೆ ಕೊಟ್ಟರು. ತವರಿಗೆ ಬಂದಾಗ ಅಣ್ಣನ ಹತ್ತಿರ ಕೂತು ಹೋಗುತ್ತಿದ್ದಳು. ನನ್ನ ಹತ್ತಿರ ಮಾತಾಡಲಿಲ್ಲ. ಕೊನೆಯವರೆಗೂ ಇಲ್ಲ. ಅದು ಅವಳ ಮಟ್ಟಿಗೆ ಸರಿ.

ಕಡೂರಿನಿಂದ ಬಂದ ಮಾರನೇ ಬೆಳಿಗ್ಗೆ ಮೈದುನ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದ ಮೇಲೆ ನಾನು ಕೊಡಲಿ ತಗೊಂಡು ಕಂಬದ ಪಕ್ಕದ ಆ ಮಣೆಯನ್ನು ಮೂರು ಸೀಳು ಮಾಡಿ ನೀರೊಲೆಗೆ ಹಾಕಿದೆ. ಒಣಗಿದ ಹಲಸು, ಚೆನ್ನಾಗಿ ಉರಿಯಿತು. ಕಂಬದ ವಿಭೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸುದ್ದಿ ಗೊತ್ತಿಲ್ಲದೆ ಹಣ್ಣು ಹಿಡಿದು ಬಂದ ಒಬ್ಬ ಹೆಂಗಸಿಗೆ, ಇಲ್ಲಿ ವ್ರತ ಇಲ್ಲ, ಕಾಯಿಲೆ ಇದೆ ಅಂತ ಹೇಳಿ ಕಳಿಸಿದೆ. ನೀರು ಕಾದ ಮೇಲೆ ಅವರಿಗೆ ತಲೆಗೆ ಎರೆದೆ. ಆಮೇಲೆ ಕರು ಬಿಚ್ಚಿ ತಂದು, ಅದರ ಮುಂದೆ ಬಾನಿ ಇಟ್ಟೆ.